ಪೂಜೆಗಿಟ್ಟ ಫ್ಲಾಪಿ

ಪೂರ್ತಿ ಕೆಟ್ಟುಹೋದ ವಸ್ತುವಿನಿಂದ ಯಾರಿಗೂ ತೊಂದರೆಯಿಲ್ಲ ಎಂಬುದು ನನ್ನ ನಂಬಿಕೆ. ಕೆಟ್ಟ ಮಿಕ್ಸಿ ಅಟ್ಟ ಸೇರುತ್ತದೆ, ಕೆಟ್ಟ ಛತ್ರಿ ಹಿತ್ತಲಿನ ಅವರೆ ಬಳ್ಳಿಗೆ ಆಸರೆಯಾಗುತ್ತದೆ, ಅಲ್ಲಿಗೆ ಅವುಗಳ ಕಥೆ ಮುಗಿಯಿತು. ಮನೆಯನ್ನು ನಿಜವಾಗಿ ಆಳುವುದು ಅರ್ಧ ಕೆಟ್ಟ ವಸ್ತುಗಳು. ಪೊರಕೆಯ ಹಿಡಿಯಿಂದ ತಿವಿದರೆ ಮಾತ್ರ ತಿರುಗುವ ಫ್ಯಾನು, ಬಾಗಿಲನ್ನು ಎತ್ತಿ ಹಿಡಿದು ಉಸಿರು ಬಿಗಿದರೆ ಮಾತ್ರ ಬೀಳುವ ಚಿಲಕ, ತಲೆಗೆ ಒಂದು ಪೆಟ್ಟು ಬಿದ್ದರೆ ಮಾತ್ರ ವಾರ್ತೆ ಹೇಳುವ ರೇಡಿಯೋ, ಇವಕ್ಕೆಲ್ಲ ಮನೆಯಲ್ಲಿ ಹೊಸ ಅಳಿಯನ ಮರ್ಯಾದೆ. ಎಲ್ಲರೂ ಅವುಗಳ ಮನಸ್ಸನ್ನು ನೋಡಿಕೊಂಡೇ ನಡೆಯಬೇಕು. ಇವುಗಳ ಸಾಲಿನಲ್ಲಿ ಅಗ್ರಸ್ಥಾನ ಕೊಡಬೇಕಾದ್ದು, ಹೊತ್ತಿಕೊಳ್ಳುತ್ತದೆ ಆದರೆ ಶುರುವಾಗುವುದಿಲ್ಲ ಎಂಬ ಸ್ಥಿತಿಯಲ್ಲಿರುವ ಕಂಪ್ಯೂಟರಿಗೆ.

ನಾನು ಸ್ವಭಾವತಃ ನನ್ನ ಕಷ್ಟಗಳನ್ನು ಹೇಳಿಕೊಳ್ಳುವವಳಲ್ಲ. ಹಾಸ್ಟೆಲಿನಲ್ಲಿ ತಲೆನೋವಿನ ಮಾತ್ರೆಯನ್ನೂ ಬಾಗಿಲು ಹಾಕಿಕೊಂಡು ನುಂಗುವವಳು ಎಂದು ನನಗೆ ಹೆಸರಿದೆ. ಹಾಗಿದ್ದೂ ಹೋದ ನವರಾತ್ರಿಯಲ್ಲಿ ನಡೆದದ್ದನ್ನು ಬರೆಯಲು ಕೂತಿದ್ದೇನೆಂದರೆ, ಅದು ಈಗಾಗಲೇ ಕೊಚ್ಚಿಯ ವೈಟ್ಟಿಲದ ನಮ್ಮ ಬೀದಿಗೆಲ್ಲ ಗೊತ್ತಾಗಿದೆ, ಅದೂ ಸಾಕಷ್ಟು ರೆಕ್ಕೆಪುಕ್ಕಗಳೊಂದಿಗೆ. ಮಾನ ಹೇಗೂ ಹೋದ ಮೇಲೆ ವಿವರಗಳಾದರೂ ಸರಿಯಾಗಿರಲಿ.

ನಾನು ಸಂಶೋಧನೆ ಮಾಡುತ್ತಿರುವುದು ತಿರುವನಂತಪುರದಲ್ಲಿ. ನಮ್ಮ ಮನೆ ಇರುವುದು ಕೊಚ್ಚಿಯಲ್ಲಿ. ಅಪ್ಪನಿಗೆ ಮೈಸೂರಿನಿಂದ ಇಲ್ಲಿಗೆ ವರ್ಗವಾದಾಗ 'ಒಂದೆರಡು ವರ್ಷದ ಮಾತು' ಎಂದು ಹೇಳಿ ಅಮ್ಮ ಇಡ್ಲಿ ಪಾತ್ರೆಯನ್ನು ಕೂಡ ಅಲ್ಲೇ ಅತ್ತೆಯ ಮನೆಯಲ್ಲಿ ಬಿಟ್ಟು ಬಂದಿದ್ದಳು. ಆ ಒಂದೆರಡು ವರ್ಷ ಇನ್ನೂ ಮುಗಿದಿಲ್ಲ. ನನ್ನ ತಂಗಿ ವಸುಧಾ ಬುದ್ಧಿ ಬಂದಾಗಿನಿಂದ ಇಲ್ಲೇ ಬೆಳೆದವಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಕೊಡುತ್ತಾಳೆ. ಅಮ್ಮ ಕನ್ನಡದಲ್ಲಿ ಬೈಯುತ್ತಾಳೆ, ಅವಳು ಮಲಯಾಳದಲ್ಲಿ ಎದುರಾಡುತ್ತಾಳೆ, ದುಭಾಷಿಯ ನೆರವಿಲ್ಲದೆ ಜಗಳ ಸಾಂಗವಾಗಿ ನಡೆಯುತ್ತದೆ.

ನನ್ನ ಸಂಶೋಧನೆಯ ವಿಷಯ ವಿಳಿಂಜಂ ಕಡಲತೀರದ ಅಲೆಗಳು. ಗಾಳಿಯ ಲೆಕ್ಕ ಕೊಟ್ಟರೆ ಅಲೆ ಎಷ್ಟೆತ್ತರ ಏಳುತ್ತದೆ ಎಂದು ಕಂಪ್ಯೂಟರು ಹೇಳಬೇಕು, ಅದನ್ನು ಕಡಲಿನಲ್ಲಿ ಅಳೆದದ್ದಕ್ಕೆ ಹೋಲಿಸಬೇಕು. ಈ ಲೆಕ್ಕಗಳು ನಡೆಯುವುದು ಲಿನಕ್ಸಿನಲ್ಲಿ. ಪ್ರಬಂಧವನ್ನು ಟೈಪು ಮಾಡುವುದು ವಿಂಡೋಸಿನಲ್ಲಿ. ಹೀಗಾಗಿ ನನ್ನ ಒಂದೇ ಹಾರ್ಡ್ ಡಿಸ್ಕಿನಲ್ಲಿ, ನಡುವೆ ಗೋಡೆ ಹಾಕಿಸಿಕೊಂಡ ಅಣ್ಣತಮ್ಮಂದಿರ ಹಾಗೆ, ಎರಡು ಸಂಸಾರಗಳು ಬೇರೆ ಬೇರೆ ಒಲೆ ಹೂಡಿಕೊಂಡಿವೆ. ಹೆಬ್ಬಾಗಿಲು ಮಾತ್ರ ಒಂದೇ. ಅಲ್ಲೊಬ್ಬ ಕಾವಲುಗಾರ. ಲಿಲೋ ಎಂದು ಅವನ ಹೆಸರು. ಕಂಪ್ಯೂಟರು ಹೊತ್ತಿಕೊಂಡಾಗ ಅವನು ಎದ್ದು, ತನ್ನ ನಾಲ್ಕಕ್ಷರದ ಹೆಸರನ್ನು ಇಂಗ್ಲಿಷಿನಲ್ಲಿ ಪರದೆಯ ಮೇಲೆ ಬರೆದು, 'ಯಾರ ಮನೆಗೆ?' ಎಂದು ಕೇಳಿ, ಹೇಳಿದ ಕಡೆ ಕರೆದುಕೊಂಡು ಹೋಗುತ್ತಾನೆ. ನಂಬಿಕಸ್ಥ, ಆದರೆ ಸ್ವಂತ ಬುದ್ಧಿ ಕಡಿಮೆ.

ಪೂಜೆ ರಜೆ ಮುಗಿದೊಡನೆ ನಾನು ಸಮಿತಿಯ ಮುಂದೆ ಮೂರನೆಯ ಅಧ್ಯಾಯವನ್ನು ಮಂಡಿಸಬೇಕಿತ್ತು. ಅಧ್ಯಾಯದ ಪ್ರತಿಯನ್ನು ನನ್ನ ಗೈಡ್ ಗೋಪಿನಾಥನ್ ಸರ್ ಅವರಿಗೆ ಕೊಟ್ಟು ಬಹಳ ದಿನಗಳಾಗಿದ್ದವು. ಸರ್ ಚೆನ್ನಾಗಿದೆ ಎಂದೂ ಹೇಳುವುದಿಲ್ಲ, ಚೆನ್ನಾಗಿಲ್ಲ ಎಂದೂ ಹೇಳುವುದಿಲ್ಲ. ಅವರದು ಒಂದೇ ಮಾತು: "ನೋಕ್ಕಾಂ." ನೋಡೋಣ ಎಂದರ್ಥ. ನನ್ನ ಜೊತೆಯ ಬೀನಾ ತನ್ನ ಮದುವೆಯ ಕರೆಯೋಲೆ ಕೊಟ್ಟಾಗಲೂ ಅವರು ಹಾಗೆಯೇ ಹೇಳಿದ್ದು. ನನಗೋ ಆ ಅಧ್ಯಾಯದ ಬಗ್ಗೆ ಒಳಗೊಳಗೇ ಅಳುಕು. ಬೇಸಗೆಯ ಅಲೆಗಳು ನನ್ನ ಲೆಕ್ಕದ ಮಾತು ಕೇಳುತ್ತಿದ್ದವು, ಮಳೆಗಾಲದವು ಕೇಳುತ್ತಿರಲಿಲ್ಲ. ಕೊನೆಯ ಒಂದು ರೇಖಾಚಿತ್ರವನ್ನು ಹೊಸದಾಗಿ ಲೆಕ್ಕ ಹಾಕಿ ಸೇರಿಸಿದರೆ ಉಳಿದುಕೊಳ್ಳಬಹುದು ಎಂಬ ಆಸೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳುವವಳಲ್ಲ ಎಂದೆನಲ್ಲ. ಆದರೆ ರಜೆಗೆ ಲ್ಯಾಬಿಗೆ ಬೀಗ. ಸರ್ ಅವರನ್ನು ಕೇಳಿದರೆ, "ಹಾರ್ಡ್ ಡಿಸ್ಕ್ ಬಿಚ್ಚಿ ಮನೆಗೆ ತಗೊಂಡು ಹೋಗು ಕುಟ್ಟಿ" ಎಂದುಬಿಟ್ಟರು. ಇಲ್ಲಿ ಅದೇನೂ ವಿಶೇಷವಲ್ಲ. ಊರಿಗೆ ಹೋಗುವಾಗ ಬಟ್ಟೆಬರೆಯ ಜೊತೆ ಡಿಸ್ಕನ್ನೂ ಒಯ್ಯುವುದು ನಮ್ಮ ಲ್ಯಾಬಿನ ಪದ್ಧತಿ.

ಡಿಸ್ಕನ್ನು ಕೈವಸ್ತ್ರದಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಕೂತೆ. ಪ್ರತಿ ಕುಲುಕಾಟಕ್ಕೂ ನಾನು ಡಬ್ಬಿಯನ್ನು ಅಪ್ಪಿಕೊಳ್ಳುವುದನ್ನು ಎದುರಿನ ಹೆಂಗಸು ಕೊಲ್ಲಂ ದಾಟುವವರೆಗೆ ಸಹಿಸಿದಳು. ಆಮೇಲೆ ಕೇಳಿಯೇಬಿಟ್ಟಳು: "ಎಂದಾ ಮೋಳೇ ಅದಿಲ್? ಪುಟ್ಟೋ?" ಅದರಲ್ಲೇನು ಮಗಳೇ, ಅಕ್ಕಿಹಿಟ್ಟಿನ ಪುಟ್ಟೇ, ಎಂದರ್ಥ. ಪುಟ್ಟು ಅಲ್ಲ, ವಿಳಿಂಜಂನ ಅಲೆಗಳು ಎಂದು ಹೇಳುವಷ್ಟು ಸಲುಗೆ ನಮ್ಮಲ್ಲಿ ಬೆಳೆದಿರಲಿಲ್ಲವಾದ್ದರಿಂದ ಹೌದು ಎಂದು ತಲೆಯಾಡಿಸಿದೆ. ಆಲಪ್ಪುಳ ಬಂತು, ಕಡಲೆ ಪಲ್ಯ ಬೇಕೇ ಎಂದು ಅವಳು ತನ್ನ ಡಬ್ಬಿ ತೆರೆದು ನನ್ನ ಡಬ್ಬಿಯ ಕಡೆ ನೋಡಿದಳು. ಹಸಿವಿಲ್ಲ ಎಂದೆ. ಎರ್ಣಾಕುಳಂನಲ್ಲಿ ಇಳಿಯುವವರೆಗೆ ಅವಳು ನನ್ನನ್ನು ಜಗತ್ತಿನ ಅತಿ ದೊಡ್ಡ ಜಿಪುಣಿಯೆಂಬಂತೆ ನೋಡುತ್ತಿದ್ದಳು.

ನಾನು ಮನೆ ಮುಟ್ಟಿದ್ದು ದುರ್ಗಾಷ್ಟಮಿಯ ಸಂಜೆ. ನಾವಿರುವುದು ಮಹಡಿಯಲ್ಲಿ; ಕೆಳಗೆ ಮನೆಯ ಒಡತಿ ದೇವಕಿಯಮ್ಮ, ನಿವೃತ್ತ ಹೆಡ್‌ಮಿಸ್ಟ್ರೆಸ್. ನಿವೃತ್ತಿ ಸರ್ಕಾರದ ದಾಖಲೆಯಲ್ಲಿ ಮಾತ್ರ. ಅವರ ದನಿಗೆ ಇನ್ನೂ ಆಗಿಲ್ಲ. ಇಲ್ಲಿನ ಪದ್ಧತಿಯಲ್ಲಿ ಅಷ್ಟಮಿಯ ಸಂಜೆ ಪುಸ್ತಕಗಳನ್ನು ಪೂಜೆಗೆ ಇಡುತ್ತಾರೆ. ದಶಮಿಯ ಬೆಳಗಿನವರೆಗೆ ಅವನ್ನು ಮುಟ್ಟುವಂತಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ. ದೇವಕಿಯಮ್ಮ ಮಹಡಿಯವರ ಪುಸ್ತಕಗಳನ್ನೂ ಕೇಳಿ ಪಡೆದು ತಮ್ಮ ದೇವರ ಮುಂದೆ ಇಡುತ್ತಿದ್ದರು. ಅವರ ಪ್ರಕಾರ ಯಾವ ಪುಸ್ತಕವನ್ನಾದರೂ ಇಡುವುದಲ್ಲ. ಯಾವ ವಿಷಯದಲ್ಲಿ ನಮಗೆ ಧೈರ್ಯವಿಲ್ಲವೋ, ಯಾವುದು ದೇವಿ ಕೈಹಿಡಿಯದೆ ದಡ ಸೇರುವುದಿಲ್ಲವೋ, ಅದನ್ನು ಇಡಬೇಕು. ಚೆನ್ನಾಗಿ ಬರುವ ವಿಷಯದ ಪುಸ್ತಕ ತಂದ ಮಕ್ಕಳನ್ನು, "ಇದಕ್ಕೆ ದೇವಿ ಯಾಕೆ, ನೀನೇ ಸಾಕು" ಎಂದು ವಾಪಸು ಕಳಿಸುತ್ತಿದ್ದರು. ವಸುಧಾ ಗಣಿತದ ಪುಸ್ತಕ ಕೊಟ್ಟಳು. ಜೊತೆಗೆ ಉಳಿದ ಎಲ್ಲವನ್ನೂ ಕೊಟ್ಟಳು, ಭಕ್ತಿ ಉಕ್ಕಿ ಬಂದು.

"ನಿನ್ನ ಪುಸ್ತಕ ಎಲ್ಲಿ ಮೋಳೇ?" ಎಂದು ದೇವಕಿಯಮ್ಮ ನನ್ನನ್ನು ಕೇಳಿದರು.

ನಾನು ಪುಸ್ತಕ ತಂದಿರಲಿಲ್ಲ. ಚೀಲದಲ್ಲಿದ್ದದ್ದು ಡಿಸ್ಕಿನ ಡಬ್ಬಿ, ಮತ್ತೆ ಒಂದು ಫ್ಲಾಪಿ. ಕಾವಲುಗಾರ ಕೈಕೊಟ್ಟರೆ ಹಿತ್ತಿಲ ಬಾಗಿಲಿನಿಂದ ಲಿನಕ್ಸನ್ನು ಎಬ್ಬಿಸಲು ಬೇಕಾಗುವ ಬೂಟ್ ಫ್ಲಾಪಿ ಅದು. ಆಪತ್ತಿಗೆ ಇರಲಿ ಎಂದು ಮಾಡಿಟ್ಟುಕೊಂಡದ್ದು, ಆವರೆಗೆ ಬೇಕಾಗಿರಲಿಲ್ಲ. ಅದನ್ನು ಕೊಟ್ಟೆ. ಹಿರಿಯರ ಮಾತು ತೆಗೆದುಹಾಕಬಾರದೆಂದು ಕೊಟ್ಟೆ, ಎಂದು ಅಮ್ಮನಿಗೆ ಹೇಳಿದೆ. ಮೂರನೆಯ ಅಧ್ಯಾಯವೇ ಕಣ್ಣ ಮುಂದೆ ಬಂದು ಕೊಟ್ಟೆ ಎಂಬುದನ್ನು ಹೇಳಲಿಲ್ಲ. ಅಧ್ಯಾಯ ಸರ್ ಅವರ ಹತ್ತಿರವಿತ್ತು. ಅದರ ಬದಲಿಗೆ, ಅದರ ಕಡೆಯವನೆಂದು, ಈ ಫ್ಲಾಪಿ. ದೇವಕಿಯಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ಸಣ್ಣ ಪುಸ್ತಕವೋ! ಪಾಪ, ಕಷ್ಟದ ವಿಷಯವೇ ಇರಬೇಕು" ಎಂದು ಗಣಿತದ ಪುಸ್ತಕದ ಮೇಲಿಟ್ಟು, ಕೆಂಪು ರೇಷ್ಮೆ ಹೊದಿಸಿ, ದೀಪ ಹಚ್ಚಿದರು.

ನಾನು ಮೇಲೆ ಬಂದು, ಅಪ್ಪನ ಕಂಪ್ಯೂಟರಿನ ಹೊಟ್ಟೆ ತೆರೆದು, ಅದರ ಡಿಸ್ಕು ತೆಗೆದು ನನ್ನದನ್ನು ಕೂರಿಸಿ, ಸ್ವಿಚ್ಚು ಒತ್ತಿದೆ. ಪರದೆಯ ಮೂಲೆಯಲ್ಲಿ ಎಲ್ ಎಂಬ ಅಕ್ಷರ ಬಂತು. ಅದರ ಪಕ್ಕ ಐ ಬಂತು. ಅಷ್ಟೇ. ಇನ್ನೆರಡು ಅಕ್ಷರಕ್ಕೆ ಕಾದೆ. ಬರಲಿಲ್ಲ. ಆರಿಸಿ ಹೊತ್ತಿಸಿದೆ: ಎಲ್, ಐ. ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸಿದೆ: ಎಲ್, ಐ. ಬಯಾಸ್ ಎಂಬ ಅದರ ಮೂಲ ವ್ಯವಸ್ಥೆಯೊಳಗೆ ಹೊಕ್ಕು, ಇದ್ದ ಆಯ್ಕೆಗಳನ್ನೆಲ್ಲ ಒಂದೊಂದಾಗಿ ಬದಲಿಸಿ ನೋಡಿದೆ. ಕಾವಲುಗಾರ ಪ್ರತಿ ಸಲವೂ ಎದ್ದು, ತನ್ನ ಅರ್ಧ ಹೆಸರು ಹೇಳಿ, ಬಾಯಿ ತೆರೆದುಕೊಂಡು ನಿಂತುಬಿಡುತ್ತಿದ್ದ.

ಕಾರಣ ಹೊಳೆಯಲು ತಡವಾಗಲಿಲ್ಲ. ನಾನಾಗಲೇ ಹೇಳಿದೆ, ಲಿಲೋಗೆ ಸ್ವಂತ ಬುದ್ಧಿ ಕಡಿಮೆ. ಅವನು ಯಾರ ಮನೆ ಯಾವುದೆಂದು ಹೆಸರಿನಿಂದ ಗುರುತಿಡುವುದಿಲ್ಲ. 'ಮೆಟ್ಟಿಲು ಹತ್ತಿ ಎಡಕ್ಕೆ ಹೊರಳಿದರೆ ಇಂಥ ಬಾಗಿಲು' ಎಂದು ಹೆಜ್ಜೆ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತಾನೆ. ಲ್ಯಾಬಿನ ಕಂಪ್ಯೂಟರು ಡಿಸ್ಕಿನ ಕೋಣೆಗಳನ್ನು ಎಣಿಸುವ ಕ್ರಮ ಒಂದು, ಅಪ್ಪನ ಹಳೆಯ ಕಂಪ್ಯೂಟರು ಎಣಿಸುವ ಕ್ರಮ ಇನ್ನೊಂದು. ಹಾಗಾಗಿ ಪಾಪ, ಅವನು ತಿರುವನಂತಪುರದ ಲೆಕ್ಕದಲ್ಲಿ ಮೆಟ್ಟಿಲು ಹತ್ತಿ, ಕೊಚ್ಚಿಯ ಗೋಡೆಗೆ ಹಣೆ ಚಚ್ಚಿಕೊಂಡು ನಿಂತಿದ್ದ. ಪರಿಹಾರ ಬಲು ಸುಲಭ. ಬೂಟ್ ಫ್ಲಾಪಿ ಹಾಕಿ ಲಿನಕ್ಸನ್ನು ಎಬ್ಬಿಸಬೇಕು, ಒಂದೇ ಒಂದು ಆಜ್ಞೆ ಕೊಟ್ಟು ಅವನಿಗೆ ಹೊಸ ದಾರಿ ಬರೆಸಬೇಕು, ಮುಗಿಯಿತು. ಈ ಸುಲಭ ಪರಿಹಾರಕ್ಕೆ ಕೈಚಾಚಿದಾಗಲೇ ನನಗೆ ಕೆಂಪು ರೇಷ್ಮೆ ನೆನಪಾದದ್ದು.

"ಅಕ್ಕಾ, ಇದು ಚತ್ತೋ?" ಎಂದಳು ವಸುಧಾ. ಸತ್ತಿಲ್ಲ ಎಂದೆ. ಅವಳ ಇಸ್ಪೀಟಿನ ಆಟ ನಾನು ಬಿಚ್ಚಿಟ್ಟ ಡಿಸ್ಕಿನಲ್ಲಿತ್ತು. ಓದು ಬರಹ ನಿಷಿದ್ಧವಾದ, ಅಂದರೆ ಜೀವಮಾನದಲ್ಲೇ ಅತ್ಯಂತ ಪವಿತ್ರವಾದ ರಜೆಯಲ್ಲಿ ಅಕ್ಕ ಬಂದು ಆಟ ಕೆಡಿಸಿದಳೆಂದು ಅವಳಿಗೆ ಉರಿ. ಜಂಕ್ಷನ್ನಿನ ಕಂಪ್ಯೂಟರ್ ಸೆಂಟರಿನವನನ್ನು ಕರೆದುಕೊಂಡು ಬರುತ್ತೇನೆ ಎಂದು ಹೊರಟಳು. ತಡೆದೆ. ಆತನಿಗೆ ಎಲ್ಲ ರೋಗಕ್ಕೂ ಒಂದೇ ಮದ್ದು: ಫಾರ್ಮ್ಯಾಟ್. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಆತ "ಒಂದು ಫಾರ್ಮ್ಯಾಟ್ ಮಾಡಿಬಿಡೋಣ" ಎನ್ನುತ್ತಾನೆ. ವಿಳಿಂಜಂನ ಒಂದು ಇಡೀ ಮಳೆಗಾಲವನ್ನು ಆತ ಚಹಾ ಕುಡಿಯುವಷ್ಟರಲ್ಲಿ ಒಣಗಿಸಿಬಿಡುತ್ತಿದ್ದ.

ಕೆಳಗಿಳಿದು ದೇವಕಿಯಮ್ಮನನ್ನು ಕೇಳಿದೆ. ಪುಸ್ತಕವನ್ನು ತೆಗೆಯಲೇಬೇಕಿಲ್ಲ, ಒಂದು ಕ್ಷಣ ಎರವಲು ಕೊಟ್ಟರೆ ಸಾಕು ಎಂಬ ಧಾಟಿಯಲ್ಲಿ.

"ಪೂಜಕ್ಕು ವೆಚ್ಚದು ಎಡುಕ್ಕಾನ್ ಪಾಡಿಲ್ಲ ಮೋಳೇ," ಎಂದರು. ಪೂಜೆಗೆ ಇಟ್ಟದ್ದನ್ನು ತೆಗೆಯಬಾರದು. ಅಲ್ಲಿಗೆ ತೀರ್ಪು ಮುಗಿದು ಗಂಟೆಯೂ ಹೊಡೆದ ಹಾಗಾಯಿತು.

ನಾನು ಸೋತು ಬಂದದ್ದನ್ನು ನೋಡಿ ಅಮ್ಮ ಮೈಸೂರಿನ ಪರವಾಗಿ ವಾದಕ್ಕಿಳಿದಳು. ಮೆಟ್ಟಿಲ ಮೇಲೆ ಅಮ್ಮ, ಕೆಳಗೆ ದೇವಕಿಯಮ್ಮ, ನಡುವೆ ನಾನು. "ನೋಡಿ ದೇವಕಿಯಮ್ಮ, ಅದು ಪುಸ್ತಕ ಅಲ್ವೇ ಅಲ್ಲ. ಅದು ಯಂತ್ರದ್ದು, ಆಯುಧ. ನಮ್ಮ ಕಡೆ ನವಮಿ ದಿನ ಆಯುಧಪೂಜೆ. ಕಾರಿಗೆ, ಸ್ಕೂಟರಿಗೆ ಪೂಜೆ ಮಾಡಿ, ಅವತ್ತೇ ಸ್ಟಾರ್ಟ್ ಮಾಡಿ ಒಂದು ಸುತ್ತು ಓಡಿಸಬೇಕು. ಓಡಿಸದೆ ಹೋದ್ರೇನೆ ದೋಷ!"

"ಅಕ್ಷರ ಇದೆಯೋ ಇಲ್ಲವೋ ಅದರಲ್ಲಿ?" ಎಂದರು ದೇವಕಿಯಮ್ಮ ನನ್ನ ಕಡೆ ತಿರುಗಿ.

ಇದೆ ಎಂದೆ. ಕರಾರುವಾಕ್ಕಾಗಿ ಮಾತಾಡುವ ಅಭ್ಯಾಸ ಮನುಷ್ಯರಿಗೆ ಇರಬಾರದು.

"ಹಾಗಿದ್ದರೆ ಪುಸ್ತಕ," ಎಂದು ಅವರು ಒಳಗೆ ಹೋದರು. ಅಮ್ಮ ನನ್ನನ್ನು ನೋಡಿದ ರೀತಿಗೆ ಭಾಷಾಂತರ ಬೇಕಿರಲಿಲ್ಲ. "ನಿನ್ನ ಸತ್ಯಹರಿಶ್ಚಂದ್ರನ ಬುದ್ಧಿ ಇಟ್ಕೊಂಡು ಇವತ್ತೇ ಮೆರೀಬೇಕಿತ್ತೇನೇ?" ಎಂದೂ ಸೇರಿಸಿದಳು, ನಾನು ಅರ್ಥ ಮಾಡಿಕೊಂಡಿಲ್ಲವೇನೋ ಎಂದು.

ಮರುದಿನ ನವಮಿ. ಫ್ಲಾಪಿ ಕೈತಪ್ಪಿದರೂ ಕಂಪ್ಯೂಟರಾದರೂ ಮೈಸೂರಿನದಾಗಿಯೇ ಉಳಿಯಬೇಕೆಂದು ಅಮ್ಮ ಆಯುಧಪೂಜೆಗೆ ಅಣಿಯಾದಳು. ಮಾನಿಟರಿನ ಹಣೆಗೆ ಕುಂಕುಮ, ಕೀಲಿಮಣೆಗೆ ಸೇವಂತಿಗೆ. ನಿಂಬೆಹಣ್ಣಿನ ಹತ್ತಿರ ಬಂದಾಗ ತೊಡಕಾಯಿತು. ಗಾಡಿಯಾದರೆ ಚಕ್ರದ ಅಡಿಗೆ ಇಡಬಹುದು, ಇದಕ್ಕೆ ಚಕ್ರವೆಲ್ಲಿ? ಅಪ್ಪ ಪೇಪರಿನಿಂದ ತಲೆಯೆತ್ತಿ, "ಮೌಸಿನ ಕೆಳಗೆ ಒಂದು ಗುಂಡು ಉರುಳುತ್ತಲ್ಲ, ಇಡೀ ಯಂತ್ರದಲ್ಲಿ ಓಡೋದು ಅದೊಂದೇ" ಎಂದರು. ಅಮ್ಮ ಗಂಭೀರವಾಗಿ ಮೌಸಿನ ಮುಂದೆ ಒಂದು ನಿಂಬೆಹಣ್ಣು ಇಟ್ಟು ಆರತಿ ಬೆಳಗಿ, "ಈಗ ಹಾಕೇ ಸ್ವಿಚ್ಚು" ಎಂದಳು. ಹಾಕಿದೆ. ಎಲ್. ಐ.

"ಬಂತಲ್ಲೇ!" ಎಂದಳು ಅಮ್ಮ.

"ನಿನ್ನೆಯೂ ಇಷ್ಟು ಬಂದಿತ್ತು ಅಮ್ಮ."

"ನಿನ್ನೆ ಕುಂಕುಮ ಇಲ್ದೆ ಬಂದಿತ್ತು. ಅದಕ್ಕೂ ಇದಕ್ಕೂ ವ್ಯತ್ಯಾಸ ಇಲ್ವ?"

ಬೂತಿಗೆ ಹೋಗಿ ಸರ್ ಅವರ ಮನೆಗೆ ಫೋನು ಮಾಡಿದೆ. ಅವರು ಸಮಾಧಾನವಾಗಿ ಎಲ್ಲ ಕೇಳಿ, "ಬೂಟ್ ಫ್ಲಾಪಿ ಇಲ್ಲವೇ?" ಎಂದರು. ಇದೆ ಸರ್ ಎಂದೆ. "ಎವಿಡೆ?" ಎಲ್ಲಿ ಎಂಬ ಈ ಪ್ರಶ್ನೆಗೆ ಭೌತಶಾಸ್ತ್ರದ ಪದವೀಧರೆಯೊಬ್ಬಳು ಹಿಂದೆ ಸಾಲಿನಲ್ಲಿ ಜನ ನಿಂತಿರುವಾಗ ಉತ್ತರ ಕೊಡುವುದು ಸುಲಭವಲ್ಲ. "ಪೂಜಯಿಲ್" ಎಂದೆ, ಆದಷ್ಟು ಮೆಲ್ಲಗೆ. ಆ ಕಡೆ ಒಂದಿಷ್ಟು ಹೊತ್ತು ಮೌನ. ನನ್ನ ಗುರುಗಳು ದೇವರು ದಿಂಡರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಲ್ಯಾಬಿನಲ್ಲಿ ವಿಜ್ಞಾನಿಯ ಮನೋಭಾವದ ಬಗ್ಗೆ ಅವರು ಕೊಟ್ಟ ಉಪನ್ಯಾಸಗಳೆಲ್ಲ ತಂತಿಯ ಮೇಲೆ ಸಾಲಾಗಿ ಕೂತು ನನ್ನನ್ನೇ ನೋಡುತ್ತಿರುವಂತೆ ಅನಿಸಿತು. ಕೊನೆಗೆ ಅವರು ಕೆಮ್ಮಿದರು. ಬೈಯಲಿಲ್ಲ. ನಗಲೂ ಇಲ್ಲ. "ದಶಮಿಯವರೆಗೆ ಕಾಯಬೇಕು. ಬೇರೆ ದಾರಿ ಇಲ್ಲ," ಎಂದು, ಏನೋ ಹೇಳಹೊರಟವರು ಅರ್ಧಕ್ಕೆ ನಿಲ್ಲಿಸಿ, "ನೋಕ್ಕಾಂ" ಎಂದು ಇಟ್ಟುಬಿಟ್ಟರು. ಅವರ ಮೌನಕ್ಕೆ ನಾನು ಕಟ್ಟಿದ ಅರ್ಥ ತಪ್ಪೆಂದು ಗೊತ್ತಾದದ್ದು ಬಹಳ ದಿನಗಳ ಮೇಲೆ.

ಓದದೆ ಬರೆಯದೆ ಇರುವುದೆಂದರೆ ಏನೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಕಣ್ಣು ತಾನೇ ತಾನಾಗಿ ಬೆಂಕಿಪೊಟ್ಟಣದ ಮೇಲಿನ ಬರಹವನ್ನು ಓದುತ್ತದೆ, ಸೋಪಿನ ಹೊದಿಕೆಯನ್ನು ಓದುತ್ತದೆ. ಹೆಸರುಬೇಳೆ ಕಟ್ಟಿಕೊಂಡು ಬಂದ ಪತ್ರಿಕೆಯ ಚೂರಿನಲ್ಲಿ ಒಂದು ವರದಿಯನ್ನು ಅರ್ಧ ಓದಿ, ಉಳಿದರ್ಧ ಯಾವ ಮನೆಯ ಕಡಲೆಬೇಳೆಗೆ ಹೋಯಿತೋ ಎಂದು ಪರಿತಪಿಸಿದೆ. ವಸುಧಾ ಮಾತ್ರ ಜಗಲಿಯಲ್ಲಿ ಕಾಲು ಚಾಚಿ ಕೂತು ವ್ರತವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಳು.

ದಶಮಿಯ ಬೆಳಿಗ್ಗೆ ಸ್ನಾನ ಮಾಡಿ ಎಲ್ಲರೂ ಕೆಳಗೆ ಸೇರಿದೆವು. ರೇಷ್ಮೆ ಸರಿಯಿತು. ಇಲ್ಲಿ ಆ ದಿನ ಮಕ್ಕಳಿಗೆ ಅಕ್ಷರಾಭ್ಯಾಸ. ದೊಡ್ಡವರೂ ತಟ್ಟೆಯ ಅಕ್ಕಿಯ ಮೇಲೆ ಬೆರಳಿನಿಂದ ಹೊಸದಾಗಿ ಬರೆಯಬೇಕು. ಎದುರುಮನೆಯ ಪುಟ್ಟ ಹುಡುಗಿಯೊಂದು ದೇವಕಿಯಮ್ಮನ ತೊಡೆಯ ಮೇಲೆ ಕೂತು ಎರಡಕ್ಷರ ಬರೆದದ್ದೇ ಬೆರಳು ಬಿಗಿಹಿಡಿದು, ಮುಂದಕ್ಕೆ ಏನು ಮಾಡಿದರೂ ಬರೆಯಲೊಲ್ಲದೆ ಬಾಯಿ ತೆರೆದುಕೊಂಡು ಕೂತಿತು. ಆ ಮುಖವನ್ನು ನಾನು ಎರಡು ದಿನದಿಂದ ಮೇಲಿನ ಕೋಣೆಯಲ್ಲಿ ನೋಡುತ್ತಲೇ ಇದ್ದೆ.

ಬರೆದಾದ ಮೇಲೆ, ಪೂಜೆಗೆ ಇಟ್ಟದ್ದರಿಂದ ನಾಲ್ಕು ಸಾಲು ಓದಿ ಆಮೇಲೇ ಏಳಬೇಕೆಂಬುದು ದೇವಕಿಯಮ್ಮನ ಕಟ್ಟಳೆ. ವಸುಧಾ ಗಣಿತದ ಪುಸ್ತಕದ ಮುನ್ನುಡಿ ಓದಿದಳು. ನನ್ನ ಸರದಿ ಬಂತು. ಫ್ಲಾಪಿಯ ಮೇಲೆ ಗಂಧ, ಅದರ ಮೇಲೆ ಒಂದು ತುಳಸಿ ದಳ. "ವಾಯಿಕ್ಕ್" ಎಂದರು. ಓದು. ಇದನ್ನು ಇಲ್ಲಿ ಓದಲಾಗುವುದಿಲ್ಲ, ಮೇಲೆ ಯಂತ್ರದಲ್ಲಿ ಓದಬೇಕು ಎಂದೆ. ಹಾಗಾದರೆ ಮೇಲೆ ಹೋಗೋಣ ಎಂದು ಅವರು ಸೆಟ್ಟುಮುಂಡು ಸರಿಪಡಿಸಿಕೊಂಡು ಎದ್ದರು. ಅವರ ಹಿಂದೆ ಅಕ್ಷರ ಕಲಿಯಲು ಬಂದಿದ್ದ ಮಕ್ಕಳು, ಮಕ್ಕಳ ತಾಯಂದಿರು, ಪ್ರಸಾದದ ತಟ್ಟೆ. ಏಕಾಂತದಲ್ಲಿ ಮಾತ್ರೆ ನುಂಗುವ ನನ್ನ ಬೆನ್ನ ಹಿಂದೆ, ಕುಂಕುಮದ ಮಾನಿಟರಿನ ಮುಂದೆ, ಬೀದಿಯೇ ಬಂದು ನಿಂತಿತು.

ಗಂಧವನ್ನು ಕೈವಸ್ತ್ರದ ತುದಿಯಿಂದ ಒರೆಸಿದೆ. ತಗಡಿನ ಮುಚ್ಚಳದ ಸಂದಿಯಲ್ಲಿ ಒಂದು ಅಕ್ಷತೆ ಕಾಳು ಕೂತಿತ್ತು. ಸೇಫ್ಟಿ ಪಿನ್ನಿನಿಂದ ಹೊರತೆಗೆದೆ. ಫ್ಲಾಪಿ ಒಳಗೆ ಹೋಯಿತು. ಡ್ರೈವು ಗೊರಗೊರ ಎಂದಿತು, ನಿಂತಿತು, ಮತ್ತೆ ಗೊರಗೊರ ಎಂದಿತು. ನಾನು ಸತ್ಯವನ್ನೇ ಹೇಳುವುದಾದರೆ, ಆ ಹೊತ್ತಿನಲ್ಲಿ ದೇವಿಯನ್ನು ನೆನೆದದ್ದು ದೇವಕಿಯಮ್ಮ ಒಬ್ಬರೇ ಅಲ್ಲ. ಆಮೇಲೆ ಕಪ್ಪು ಪರದೆಯ ಮೇಲೆ ಸಾಲಿನ ಮೇಲೆ ಸಾಲು ಬಿಳಿ ಅಕ್ಷರಗಳು ಏರತೊಡಗಿದವು.

"ಅಯ್ಯೋ, ಇದು ಎಳುದುನ್ನುಂಡಲ್ಲೋ!" ಎಂದು ದೇವಕಿಯಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಬರೆಯುತ್ತಿದೆಯಲ್ಲ! ನಾನು ಒಂದೇ ಆಜ್ಞೆ ಕೊಟ್ಟು, ಫ್ಲಾಪಿ ತೆಗೆದು, ಮತ್ತೆ ಹೊತ್ತಿಸಿದೆ. ಎಲ್. ಐ. ಎಲ್ಲರೂ ಉಸಿರು ಹಿಡಿದರು. ಎಲ್. ಓ. ಮಕ್ಕಳು ಚಪ್ಪಾಳೆ ತಟ್ಟಿದರು. ಅಮ್ಮ "ಆಯುಧಪೂಜೆ ಸುಮ್ನೆ ಹೋಗಲ್ಲ" ಎಂದಳು. ದೇವಕಿಯಮ್ಮ "ಪುಸ್ತಕ ಪೂಜೆಗೆ ಇಟ್ಟದ್ದು ನೋಡಿ ಹೇಗೆ ಫಲಿಸಿತು" ಎಂದರು. ನಾನು ಇಬ್ಬರಿಗೂ ಹೌದು ಎಂದೆ. ಕರಾರುವಾಕ್ಕಾಗಿ ಮಾತಾಡುವುದರ ಫಲವನ್ನು ಆ ವೇಳೆಗೆ ಉಂಡಿದ್ದೆ.

ರಜೆಯ ಉಳಿದ ದಿನಗಳಲ್ಲಿ ಲೆಕ್ಕ ಮುಗಿಸಿದೆ. ಮಳೆಗಾಲದ ಅಲೆಗಳು, ಪೂರ್ತಿ ಅಲ್ಲದಿದ್ದರೂ, ಮರ್ಯಾದೆ ಉಳಿಸುವಷ್ಟು ಮಾತು ಕೇಳಿದವು. ತಿರುವನಂತಪುರಕ್ಕೆ ಮರಳಿ ಡಿಸ್ಕನ್ನು ಲ್ಯಾಬಿನ ಯಂತ್ರಕ್ಕೆ ಹಾಕಿದರೆ, ಕೊಚ್ಚಿಯ ದಾರಿ ಕಲಿತಿದ್ದ ಲಿಲೋ ಅಲ್ಲಿಯೂ ಎರಡಕ್ಷರಕ್ಕೆ ನಿಂತ. ಈ ಸಲ ಫ್ಲಾಪಿ ಜೇಬಿನಲ್ಲಿತ್ತು. ಸಮಿತಿಯ ಮುಂದೆ ಅಧ್ಯಾಯ ಮಂಡಿಸಿದೆ. ಹೆಚ್ಚು ತಕರಾರಿಲ್ಲದೆ ಒಪ್ಪಿದರು. ಕೊನೆಯ ಚಿತ್ರ ಚೆನ್ನಾಗಿದೆ ಎಂದು ಒಬ್ಬರು ಬಾಯಿಬಿಟ್ಟು ಹೇಳಿದರು ಕೂಡ. ನಾನು ಹೊರಗೆ ತೋರಿಸಿಕೊಳ್ಳದಿದ್ದರೂ ಒಳಗೆ ಒಂದು ಗೇಣು ಎತ್ತರವಾಗಿದ್ದೆ. ಇಷ್ಟಕ್ಕೆ ನಾನು ಸುಮ್ಮನೆ ಅಳುಕಿದೆ, ಅಧ್ಯಾಯ ಮೊದಲಿನಿಂದಲೂ ಗಟ್ಟಿಯಾಗಿಯೇ ಇತ್ತು ಎಂದೆಲ್ಲ ಅನಿಸತೊಡಗಿತ್ತು.

ಆ ಸಂಜೆ ಸರ್ ನನ್ನನ್ನು ಕೋಣೆಗೆ ಕರೆದು, ಮೇಜಿನ ಖಾನೆಯಿಂದ ಅಧ್ಯಾಯದ ಹಳೆಯ ಪ್ರತಿಯನ್ನು ತೆಗೆದು ಕೊಟ್ಟರು. ಮೊದಲ ಪುಟದ ಮೇಲೆ ಒಣಗಿದ ಗಂಧ. ಗಂಧಕ್ಕೆ ಅಂಟಿಕೊಂಡ ತುಳಸಿ ದಳ. ಅಂಚಿನಲ್ಲಿ ದೀಪದೆಣ್ಣೆಯ ಒಂದು ಕಲೆ. ಫೋನಿನ ಆ ಮೌನ, ಆ ಕೆಮ್ಮು ನನಗೆ ಈಗ ಅರ್ಥವಾಯಿತು. ನನ್ನ ಗುರುಗಳು ನನ್ನ ಬರಹವನ್ನು ಪೂಜೆಗೆ ಇಟ್ಟಿದ್ದರು! ನನ್ನ ಕಣ್ಣು ಹನಿಗೂಡಿತು. ಇನ್ನೊಂದು ಗೇಣು ಏರಿದೆ.

"ಬೀನಾಳ ಅಧ್ಯಾಯವನ್ನೂ ಇಟ್ಟಿದ್ದಿರಾ ಸರ್?" ಎಂದು ಕೇಳಿದೆ, ವಿನಯದಿಂದ.

"ಏಯ್, ಇಲ್ಲ," ಎಂದರು ಸರ್, ಕನ್ನಡಕ ಒರೆಸುತ್ತ. "ಬೀನಾಳದ್ದಕ್ಕೆ ಅದರ ಅಗತ್ಯವೇ ಇರಲಿಲ್ಲವಲ್ಲ."

ನಾನು ಹಾಸ್ಟೆಲಿಗೆ ಬಂದು ಬಾಗಿಲು ಹಾಕಿಕೊಂಡೆ. ಆ ಅಧ್ಯಾಯವನ್ನು ನವರಾತ್ರಿಗೆ ಮುಂಚೆ ಓದಿದ್ದವರು ಈ ಪ್ರಪಂಚದಲ್ಲಿ ಇಬ್ಬರೇ: ಬರೆದ ನಾನು, ಬರೆಸಿದ ಅವರು. ಇಬ್ಬರೂ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಅದನ್ನು ದೇವಿಗೆ ಒಪ್ಪಿಸಿ ಕೈಮುಗಿದು ಕೂತಿದ್ದೆವು.